ಕೋಟಿಂಗಿಗೆ ಮೊದಲು ಉಕ್ಕಿನ ಹದ ನೋಡಿ

ಮಾನ್ಯ ಸಂಪಾದಕರೇ,

ಹಾಳೆತಟ್ಟೆಯ ಅಂಚು ಕತ್ತರಿಸುವ ಪಂಚ್ ಇರಲಿ, ಅಡಿಕೆ ಸುಲಿಯುವ ಯಂತ್ರದ ಬ್ಲೇಡ್ ಇರಲಿ, ಬೇಗ ಮೊಂಡಾದರೆ ಟೈಟಾನಿಯಂ ನೈಟ್ರೈಡ್ ಕೋಟಿಂಗ್ ಮಾಡಿಸಿ ಎನ್ನುವ ಸಲಹೆ ಬರುತ್ತದೆ. ಸಲಹೆ ಸರಿಯೇ. ಆದರೆ ಆ ಬಂಗಾರದ ಬಣ್ಣದ ಪದರದ ದಪ್ಪ 2ರಿಂದ 4 ಮೈಕ್ರಾನ್ ಮಾತ್ರ. ಒಳಗಿನ ಉಕ್ಕು ಮೆದುವಾಗಿದ್ದರೆ, ಮೆತ್ತೆಯ ಮೇಲೆ ಗಾಜಿಟ್ಟು ಒತ್ತಿದ ಹಾಗೆ, ಪದರ ಬಿರುಕು ಬಿಟ್ಟು ಕಿತ್ತು ಬರುತ್ತದೆ. ಆಗ ಬೈಗುಳವೆಲ್ಲ ಕೋಟಿಂಗಿಗೆ. ತಪ್ಪು ಬಹಳ ಸಲ ಟೆಂಪರಿಂಗಿನಲ್ಲಿ, ಅಂದರೆ ಗಡಸು ಮಾಡಿದ ಉಕ್ಕನ್ನು ಮತ್ತೆ ಕಾಯಿಸಿ ಹದಕ್ಕೆ ತರುವ ಕೆಲಸದಲ್ಲಿ, ಇರುತ್ತದೆ.

ಈ ಪದರ ಕೂರಿಸುವ ಪಿವಿಡಿ ಕೋಟಿಂಗ್ (ನಿರ್ವಾತದಲ್ಲಿ ಲೋಹದ ಆವಿಯನ್ನು ಕೂರಿಸುವ ವಿಧಾನ) ಸಾಮಾನ್ಯವಾಗಿ 400–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ನಡೆಯುತ್ತದೆ. ಅಂದರೆ ನಾವು ಕೇಳದೆಯೇ ಉಕ್ಕಿಗೆ ಇನ್ನೊಂದು ಟೆಂಪರಿಂಗ್ ಆಗುತ್ತದೆ. 200 ಡಿಗ್ರಿಯಲ್ಲಿ ಟೆಂಪರ್ ಮಾಡಿ 60 ರಾಕ್‌ವೆಲ್ (ಗಡಸುತನದ ಅಳತೆ) ಬಂದಿದ್ದ ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ತಣಿಸಿ ಗಡಸು ಮಾಡುವ ಉಕ್ಕು) ಪಂಚ್ ಈ ಶಾಖದಿಂದ ಹೊರಬರುವಾಗ 50ರ ಆಸುಪಾಸಿಗೆ ಇಳಿದಿರುತ್ತದೆ. ಈ ಉಕ್ಕಿಗೆ ಅಂಥ ಕೋಟಿಂಗ್ ಮಾಡಿಸಲೇಬಾರದು. ಹೆಚ್ಚು ಕ್ರೋಮಿಯಂ ಇರುವ ಡಿ2 ಉಕ್ಕನ್ನೂ 200 ಡಿಗ್ರಿಗೇ ನಿಲ್ಲಿಸಿದ್ದರೆ ಎರಡು ಮೂರು ಪಾಯಿಂಟ್ ಗಡಸುತನ ಹೋಗುತ್ತದೆ, ಉಪಕರಣದ ಅಳತೆಯೂ ತುಸು ಬದಲಾಗಬಹುದು.

ಡಿ2ಗೆ ಸರಿಯಾದ ದಾರಿ ಬೇರೆ. 1050–1070 ಡಿಗ್ರಿಯಲ್ಲಿ ಹಾರ್ಡನಿಂಗ್ (ಕಾಯಿಸಿ ಬೇಗ ತಣಿಸಿ ಗಡಸು ಮಾಡುವುದು), ಆಮೇಲೆ 520–540 ಡಿಗ್ರಿಯಲ್ಲಿ ತಲಾ ಎರಡು ಗಂಟೆಯಂತೆ ಕನಿಷ್ಠ ಎರಡು ಸಲ ಟೆಂಪರಿಂಗ್. ಎರಡರ ನಡುವೆ ಕೈಯಲ್ಲಿ ಹಿಡಿಯುವಷ್ಟು ತಣಿಯಲೇಬೇಕು. ಬಿಸಿಯಿದ್ದಾಗಲೇ ಮತ್ತೆ ಕುಲುಮೆಗೆ ಹಾಕಿದರೆ ಎರಡನೇ ಸುತ್ತಿನ ಉಪಯೋಗವೇ ಇಲ್ಲ. 58–60 ರಾಕ್‌ವೆಲ್ ಸಿಗುತ್ತದೆ, ಕೋಟಿಂಗ್ ಶಾಖಕ್ಕೂ ಜಗ್ಗುವುದಿಲ್ಲ. ಎಂ2 ಹೈಸ್ಪೀಡ್ ಉಕ್ಕಿಗೆ 550–560 ಡಿಗ್ರಿಯಲ್ಲಿ ಮೂರು ಸಲ ಟೆಂಪರಿಂಗ್ ಹೇಗೂ ಆಗುವುದರಿಂದ ಈ ತಾಪತ್ರಯವಿಲ್ಲ. ಯಾವ ಉಕ್ಕೇ ಆದರೂ ಕೊನೆಯ ಟೆಂಪರಿಂಗ್ ಕೋಟಿಂಗಿಗಿಂತ 20–30 ಡಿಗ್ರಿ ಮೇಲಿರಲಿ. ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಪದರ ಕೂರಿಸುವ ಸಿವಿಡಿ ಆದರೆ ಸುಮಾರು 1000 ಡಿಗ್ರಿ. ಆಮೇಲೆ ವ್ಯಾಕ್ಯೂಮ್ ಕುಲುಮೆಯಲ್ಲಿ ಪುನಃ ಹಾರ್ಡನಿಂಗ್ ಬೇಕಾಗುತ್ತದೆ. ಬಿಗಿ ಅಳತೆಯ ಡೈಗೆ (ಪಂಚ್‌ಗೆ ಜೋಡಿಯಾದ ಅಚ್ಚಿಗೆ) ಅದು ಬೇಡ.

ಮೇಲ್ಮೈಯನ್ನೂ ನೋಡಬೇಕು. ಗ್ರೈಂಡಿಂಗಿನಲ್ಲಿ ಕಂದು ಅಥವಾ ನೀಲಿ ಕಲೆ ಬಿದ್ದಿದ್ದರೆ ಅಲ್ಲಿ ಉಕ್ಕು ಸುಟ್ಟಿದೆ ಎಂದೇ ತಿಳಿಯಿರಿ. ವೈರ್‌ಕಟ್ ಮಾಡಿದ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸಿದ) ಬದಿಯ ಬಿಳಿ ಪದರವನ್ನು ಪಾಲಿಶ್ ಮಾಡಿ ತೆಗೆಯದಿದ್ದರೆ ಬಿರುಕು ಅಲ್ಲಿಂದಲೇ ಶುರು. ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಂತೂ, ಅದರಲ್ಲೂ ಮಳೆಗಾಲದಲ್ಲಿ, ಉಜ್ಜಿ ಹೊಳಪಾಗಿಸಿದ ಡೈ ಮೇಲೆ ಬೆರಳಚ್ಚು ಬಿದ್ದಲ್ಲೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಕೋಟಿಂಗ್ ಕೂರುವುದಿಲ್ಲ. ಕೈಗವಸು ಹಾಕಿ ಮುಟ್ಟಿ, ಎಣ್ಣೆ ಸವರಿ, ತುಕ್ಕುತಡೆ ಕಾಗದದಲ್ಲಿ ಸುತ್ತಿ ಕಳುಹಿಸಬೇಕು.

ಹೀಟ್ ಟ್ರೀಟ್‌ಮೆಂಟ್ ಮಾಡುವವರು ಚಲನ್ ಮೇಲೆ ಬರಿಯ ‘ಹಾರ್ಡನಿಂಗ್ ಆಗಿದೆ’ ಎಂದು ಬರೆದರೆ ಒಪ್ಪಬೇಡಿ. ಉಕ್ಕಿನ ದರ್ಜೆ, ಕೊನೆಯ ಟೆಂಪರಿಂಗ್ ಡಿಗ್ರಿ, ಗಡಸುತನ ಮೂರನ್ನೂ ಬರೆಸಿಕೊಂಡು ಕೋಟಿಂಗಿನವರಿಗೆ ಕೊಡಿ. ಅದೇ ಉಕ್ಕಿನ ಒಂದು ತುಂಡನ್ನು ಜೊತೆಗೇ ಎಲ್ಲ ಹಂತಕ್ಕೂ ಹಾಕಿಸಿ, ವಾಪಸ್ ಬಂದಮೇಲೆ ಗಡಸುತನವನ್ನು ಆ ತುಂಡಿನ ಮೇಲೆ ಅಳೆಯಿರಿ. ಅಳೆಯುವಾಗ ಸಣ್ಣ ಗುಳಿ ಬೀಳುತ್ತದೆ, ಅದನ್ನು ಡೈ ಮೇಲೆ ಬೀಳಿಸಬೇಡಿ. ಜಿಲ್ಲೆಯ ಐಟಿಐಗಳು ಸಣ್ಣ ವರ್ಕ್‌ಶಾಪಿನವರಿಗೂ ವಾರಕ್ಕೊಂದು ದಿನ ಈ ಅಳತೆ ಮಾಡಿಕೊಡುವ ವ್ಯವಸ್ಥೆ ಮಾಡಲಿ ಎಂದು ವಿನಂತಿ.

– ಟೂಲ್‌ರೂಮ್ ಕೆಲಸಗಾರರು, ಶಿರಸಿ