ಟೆಂಟ್ ಹಾಕುವ ಮುಂಚೆ ಇದನ್ನೊಂದು ಓದು

ಪುಟ್ಟಾ,

ಕ್ರಿಸ್‌ಮಸ್ ರಜೆಗೆ ಮಕ್ಕಳ ಜೊತೆ ಶರಾವತಿ ಹಿನ್ನೀರಿನ ಹತ್ತಿರ ಟೆಂಟ್ ಹಾಕ್ತೀವಿ ಅಂದೆಯಲ್ಲ, ಖುಷಿಯಾಯಿತು. ಆದರೆ ರಾತ್ರಿಯೆಲ್ಲ ನಿನ್ನ ಸಣ್ಣವನೇ ಕಣ್ಣ ಮುಂದೆ ಬರುತ್ತಿದ್ದ. ಒಂದು ಕಡೆ ನಿಲ್ಲುವ ಮಗುವಲ್ಲ ಅದು.

ಉರಿಯುವ ಬೆಂಕಿಗೆ ಮಕ್ಕಳು ಹೆದರುತ್ತವೆ. ಆರಿತು ಅಂದುಕೊಂಡ ಬೆಂಕಿಗೆ ಯಾರೂ ಹೆದರುವುದಿಲ್ಲ. ನಿನ್ನ ಅಕ್ಕನಿಗೆ ಆರು ವರ್ಷ ಇದ್ದಾಗ ತೀರ್ಥಹಳ್ಳಿಯಲ್ಲಿ ತುಂಗೆಯ ಮರಳ ಮೇಲೆ ಅಡುಗೆ ಮಾಡಿಕೊಂಡು ಉಂಡೆವು. ಕೆಂಡದ ಮೇಲೆ ಮರಳು ಎಳೆದು ಮುಚ್ಚಿದವಳು ನಾನೇ. ಒಂದು ಗಂಟೆ ಕಳೆದಿರಬೇಕು, ಅವಳು ನೀರಿನಿಂದ ಎದ್ದು ಓಡಿ ಬಂದವಳು ಸರಿಯಾಗಿ ಅಲ್ಲೇ ಕಾಲಿಟ್ಟಳು. ಮೇಲೆ ನೋಡಿದರೆ ಸುಮ್ನೆ ಮರಳು. ಅಂಗಾಲಿನ ಚರ್ಮ ಬೆಳ್ಳಗಾಗಿ ಎದ್ದಿದ್ದು ಇವತ್ತಿಗೂ ಕಣ್ಣಲ್ಲಿದೆ. ಮರಳಿನ ಕೆಳಗೆ ಕೆಂಡ ಗಂಟೆಗಟ್ಟಲೆ ಕಾವು ಹಿಡಿದುಕೊಂಡಿರುತ್ತದೆ ಮಗಾ. ನೀರು ಹೊಯ್ಯಿ, ಕೋಲಿನಿಂದ ಕೆದಕು, ಮತ್ತೆ ಹೊಯ್ಯಿ. ಚುಯ್ ಅನ್ನುವುದು ನಿಂತ ಮೇಲೆ ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡು, ಬಿಸಿ ತಾಗಿದರೆ ಇನ್ನೂ ಆರಿಲ್ಲ.

ನನ್ನ ಕೇಳಿದರೆ ಸೌದೆ ಒಲೆಯೇ ಬೇಡ. ಕಾಡೊಳಗೆ ಬೆಂಕಿ ಹಾಕುವುದು ಅಪರಾಧ. ಅದಕ್ಕಿಂತ ಜಾಸ್ತಿ ಭಯ ನನಗೆ ಉಣುಗಿನದು. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ನೀವು ಬರುವ ಹೊತ್ತಿಗೇ ಅದರ ಕಾಲ ಶುರುವಾಗುತ್ತದೆ, ಬೇಸಿಗೆ ಮುಗಿಯುವ ತನಕ ಬಿಡುವುದಿಲ್ಲ. ಒಣಕಡ್ಡಿ ಆರಿಸಿಕೊಂಡು ಬನ್ನಿ ಅಂತ ಮಕ್ಕಳನ್ನು ಒಣ ಎಲೆಯ ದರಗಿನೊಳಗೆ ಕಳಿಸಲೇಬೇಡ. ಸಂಜೆ ಉಣುಗು ಕಚ್ಚಿಕೊಂಡಿದೆಯಾ ಅಂತ ಕಿವಿ ಹಿಂದೆ, ಕಂಕುಳು, ತೊಡೆ ಸಂದು ನೋಡು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳು.

ಸಣ್ಣ ಗ್ಯಾಸ್ ಸ್ಟವ್ ತಾ, ಗಟ್ಟಿ ನೆಲದ ಮೇಲೆ ಇಡು. ಸುತ್ತ ಎರಡು ಮಾರು ದೂರಕ್ಕೆ ಕೋಲಲ್ಲಿ ಗೆರೆ ಎಳೆ. ಸುಮ್ಮನೆ ಕೂತಿರಿ ಅಂದರೆ ಮಕ್ಕಳು ಕೂರುವುದಿಲ್ಲ, ಗೆರೆಯಾಚೆಗೇ ಕೆಲಸ ಕೊಡು. ದೊಡ್ಡವಳು ಬೆಳ್ಳುಳ್ಳಿ ಸಿಪ್ಪೆ ಬಿಡಿಸಲಿ, ಸಣ್ಣವನು ಅವಲಕ್ಕಿಗೆ ಮೊಸರು ಕಲಸಲಿ.

ಮಳೆ ಹನಿದರೂ ಚಳಿ ಜಾಸ್ತಿಯಾದರೂ ಸ್ಟವ್ ಆಗಲಿ, ಕೆಂಡದ ಬಾಣಲೆಯಾಗಲಿ ಟೆಂಟ್ ಒಳಗೆ ತರಬೇಡ. ಬಟ್ಟೆಗೆ ಬೆಂಕಿ ಹತ್ತುವುದೊಂದೇ ಅಲ್ಲ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಒಂದು ರಾತ್ರಿ ಬರೀ ಅವಲಕ್ಕಿ ತಿಂದು ಮಲಗಿದರೆ ಏನೂ ಆಗಲ್ಲ, ಅಲ್ವಾ?

ಅವತ್ತು ಗೊತ್ತಿಲ್ಲದೆ ನಿನ್ನ ಅಕ್ಕನ ಸುಟ್ಟ ಪಾದಕ್ಕೆ ತುಪ್ಪ ಸವರಿದ್ದೆವು. ನೀನು ಹಾಗೆ ಮಾಡಬೇಡ, ಪೇಸ್ಟೂ ಬೇಡ, ಐಸೂ ಬೇಡ. ಸುಟ್ಟ ಜಾಗಕ್ಕೆ ತಣ್ಣೀರನ್ನು 20 ನಿಮಿಷ ಬಿಡದೆ ಹೊಯ್ಯಬೇಕು. ಊದಿಕೊಳ್ಳುವ ಮುಂಚೆ ಬಳೆ, ಗೆಜ್ಜೆ ಬಿಚ್ಚು. ಮುಖ, ಕೈ, ಪಾದ ಸುಟ್ಟಿದ್ದರೆ ನೀರು ಹೊಯ್ದು ಸೀದಾ ಆಸ್ಪತ್ರೆಗೆ ಹೋಗು, ಇಲ್ಲವೇ 108ಕ್ಕೆ ಫೋನ್ ಮಾಡು.

ಸಾಗರದಲ್ಲಿ ಮನೆಗೆ ಬಂದೇ ಮುಂದೆ ಹೋಗು. 20 ಲೀಟರಿನ ಎರಡು ಕ್ಯಾನ್ ತೊಳೆದಿಟ್ಟಿದ್ದೇನೆ, ಒಂದು ಕುಡಿಯೋಕೆ. ಇನ್ನೊಂದನ್ನು ಸ್ಟವ್ ಪಕ್ಕದಿಂದ ತೆಗೆಯಬೇಡ.

ನಿನ್ನ
ದೊಡ್ಡಮ್ಮ