ವಿಮಾನವೇ ಇಲ್ಲದ ದಾರಿಗೆ ಅರ್ಧ ತಾಸಿನ ಲೆಕ್ಕ

ಮಾನ್ಯರೇ,

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ 240 ಕಿ.ಮೀ., ಪ್ರಯಾಣ ಅರ್ಧ ತಾಸು. ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವ ಉತ್ತರ ಇದು. ಪತ್ರಿಕೆಗಳೂ ಒಮ್ಮೊಮ್ಮೆ ಇಂಥದೇ ಲೆಕ್ಕ ಬರೆಯುತ್ತವೆ. ಅದನ್ನು ನಂಬಿ ನಾವು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಈ ಪತ್ರ.

ಕಲಬುರಗಿಯಲ್ಲಿರುವ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಒಂದು ಬೆಳಿಗ್ಗೆ ಫೋನ್ ಬಂತು. ಅವ್ವನಿಗೆ ಎಂಬತ್ತು ದಾಟಿದೆ, ಬಸ್ಸಿನಲ್ಲಿ ಅಷ್ಟು ದೂರ ಕೂರಲಾರಳು. ಮಗ ಮೊಬೈಲ್ ನೋಡಿ ಅರ್ಧ ತಾಸಿನ ದಾರಿ ಅಂದ. ಟಿಕೆಟ್ ಅಲ್ಲೇ ತೆಗೆದುಕೊಂಡರಾಯಿತೆಂದು ಕಾರು ಮಾಡಿಕೊಂಡು ಸಿರುಗುಪ್ಪದಿಂದ ಹೊರಟೆವು. ಕಲಬುರಗಿ ಇರುವುದು ಉತ್ತರಕ್ಕೆ, ನಾವು ಹೋಗಿದ್ದು ವಿಮಾನ ನಿಲ್ದಾಣವಿರುವ ದಕ್ಷಿಣಕ್ಕೆ. ಬಳ್ಳಾರಿ ಮುಟ್ಟಿ ಟ್ರಾವೆಲ್ಸ್‌ನವರನ್ನು ಕೇಳಿದಾಗಲೇ ಗೊತ್ತಾಗಿದ್ದು, ವಿದ್ಯಾನಗರ ಮತ್ತು ಕಲಬುರಗಿ ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ. ಕಾರು ತಿರುಗಿಸಿದೆವು. ಹೊರಟ ಮೂರು ತಾಸಿನ ಮೇಲೆ ನಮ್ಮ ಮನೆಯ ಮುಂದೆಯೇ ಹಾಯ್ದಾಗ, ರೊಟ್ಟಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವ್ವ, "ಇದು ನಮ್ಮ ಓಣಿ ಅಲ್ಲೇನೋ?" ಅಂದಳು. ನನಗೆ ಮಾತು ಹೊರಡಲಿಲ್ಲ. ಸಿಂಧನೂರು, ಲಿಂಗಸುಗೂರು, ಸುರಪುರ, ಜೇವರ್ಗಿ ದಾಟಿ ಆಸ್ಪತ್ರೆ ಸೇರುವಷ್ಟರಲ್ಲಿ ರಾತ್ರಿಯಾಗಿತ್ತು. ಅಕ್ಕ ಈಗ ಹುಷಾರಾಗಿದ್ದಾಳೆ.

ಆಮೇಲೆ ಕೂತು ವಿಚಾರಿಸಿದೆ. ಆ 240 ಕಿ.ಮೀ. ಸುಳ್ಳಲ್ಲ. ಆದರೆ ಅದು ಭೂಮಿಯ ಮೇಲೆ ಎರಡು ಬಿಂದುಗಳಿಗೆ ಎಳೆದ ಅತಿ ಹತ್ತಿರದ ಗೆರೆ, ಅಷ್ಟೇ. ಸಣ್ಣ ನಿಲ್ದಾಣಗಳಿಗೆ ಬರುವ, ಎಟಿಆರ್ ಎಂಬ ಪಂಖದ ವಿಮಾನ ತಾಸಿಗೆ ಸುಮಾರು 500 ಕಿ.ಮೀ. ಹಾರುತ್ತದೆ, ಗೆರೆಯನ್ನು ಅದರಿಂದ ಭಾಗಿಸಿದರೆ ಅರ್ಧ ತಾಸು. ರನ್‌ವೇವರೆಗೆ ಸಾಗುವ, ಮೇಲೇರುವ, ಇಳಿಯಲು ಸುತ್ತು ಹಾಕುವ ಹೊತ್ತು ಈ ಲೆಕ್ಕದಲ್ಲಿಲ್ಲ. ಬೆಂಗಳೂರಿನಿಂದ ವಿದ್ಯಾನಗರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ, ಸುಮಾರು 250 ಕಿ.ಮೀ. ಅದಕ್ಕೆ ವಿಮಾನ ಕಂಪನಿಗಳು ಇಟ್ಟುಕೊಳ್ಳುವುದು ಸುಮಾರು ಒಂದು ತಾಸು. ಹೊರಡುವ 45ರಿಂದ 60 ನಿಮಿಷ ಮೊದಲೇ ಚೆಕ್‌ಇನ್ ಮುಚ್ಚುವುದು ಬೇರೆ.

ನೇರ ವಿಮಾನವಿಲ್ಲದೆ ಬೆಂಗಳೂರಿನ ಮೂಲಕ ಹೋಗುವುದಾದರೆ, ಎರಡೂ ಕಡೆ ವಿಮಾನ ಸಿಕ್ಕರೂ, ಹಾರಬೇಕಾದ್ದು 700 ಕಿ.ಮೀ.ಗೂ ಹೆಚ್ಚು, ಗೆರೆಯ ಸುಮಾರು ಮೂರು ಪಟ್ಟು. ನಡುವೆ ಬೆಂಗಳೂರಿನಲ್ಲಿ ಕಾಯುವುದೂ ಇದೆ. ಅಷ್ಟರಲ್ಲಿ ನಮ್ಮೂರಿನ ಸಾರಿಗೆ ಬಸ್ಸು ಕಲಬುರಗಿ ಮುಟ್ಟಿರುತ್ತದೆ.

ನಾಳೆ ರಾಯಚೂರಿನ ಯರಮರಸ್ ನಿಲ್ದಾಣ ಶುರುವಾದರೆ ಇಂಥ ದೂರದ ಪಟ್ಟಿಗಳು ಇನ್ನಷ್ಟು ಬರುತ್ತವೆ. ದಯವಿಟ್ಟು ಕಿಲೋಮೀಟರ್ ಪಕ್ಕದಲ್ಲಿ ಒಂದು ಸಾಲು ಸೇರಿಸಿ: ನೇರ ವಿಮಾನ ಇದೆಯೋ ಇಲ್ಲವೋ, ಇದ್ದರೆ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ.

– ಒಬ್ಬ ಓದುಗ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ