ನೊರೆ ಕಡಿಮೆ, ಮೈದಾ ಬೆರೆಸಿಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಕಳೆದ ವಾರ ಪೆರ್ಲದಿಂದ ಒಬ್ಬರು ಅಕ್ಕ ಫೋನ್ ಮಾಡಿದರು. "ಈ ಸಲದ ಸೋಪಿನ ಹುಡಿಯಲ್ಲಿ ನೊರೆಯೇ ಬರುವುದಿಲ್ಲ, ಮೈದಾ ಬೆರೆಸಿದಿರಾ ಹೇಗೆ?" ಎಂದು ಕೇಳಿದರು. ಮೈದಾ ಬೆರೆಸಿಲ್ಲ. ಆದರೆ ಹುಡಿ ಬದಲಾದದ್ದು ನಿಜ. ಮೊದಲೇ ತಿಳಿಸಬೇಕಿತ್ತು, ತಡವಾಯಿತು, ಕ್ಷಮಿಸಿ.

ಇನ್ನು ನಮ್ಮ ಹುಡಿಯಲ್ಲಿ ಫಾಸ್ಫೇಟ್ ಇರುವುದಿಲ್ಲ. ನೊರೆ ಉಕ್ಕಲಿಕ್ಕೆಂದೇ ಹಾಕುತ್ತಿದ್ದದ್ದನ್ನೂ ಬಿಟ್ಟಿದ್ದೇವೆ. ಕೊಳೆ ತೆಗೆಯುವ ಆಸಿಡ್ ಸ್ಲರಿ, ಸೋಡಾ ಮೊದಲಿನಷ್ಟೇ ಇವೆ. ಬೆಲೆಯೂ ಮೊದಲಿನದೇ.

ಕಾರಣ ನಮ್ಮ ಶೆಡ್ಡಿನ ಕೆಳಗೇ ಇದೆ. ಅಲ್ಲೊಂದು ಮದಕ, ಅಂದರೆ ಸಣ್ಣ ಕೆರೆ. ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪಂಪು, ಕರೆಂಟು ಏನೂ ಇಲ್ಲದೆ ಅದಕ್ಕೆ ಬಂದು ಬೀಳುತ್ತದೆ. ಹುಡಿ ಕಲಸಿದ ಡ್ರಮ್ಮು ತೊಳೆದ ನೀರನ್ನು ನಾವು ಕಣಿಗೆ ಬಿಡುತ್ತಿದ್ದೆವು. ಕಣಿ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ. ಈ ಫೆಬ್ರವರಿಯಲ್ಲಿ ಮದಕದ ಮೂಲೆಯಲ್ಲಿ ಹಸುರು ಪಾಚಿ ಕಟ್ಟಿತು. ಮಾರ್ಚಿಗೆ ಕೊಡಪಾನ ಅದ್ದಿದರೆ ನೀರಿಗಿಂತ ಮೊದಲು ಪಾಚಿಯೇ ಒಳಗೆ ಬರುತ್ತಿತ್ತು. ಕೊಳೆತ ವಾಸನೆ ಬೇರೆ. ಒಂದು ಬೆಳಿಗ್ಗೆ ನೋಡಿದರೆ ಏಳೆಂಟು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಫಾಸ್ಫೇಟ್ ಅಂದರೆ ಪಾಚಿಗೆ ಗೊಬ್ಬರ. ತಿಂದು ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನಿಗೆ ಏನೂ ಉಳಿಯುವುದಿಲ್ಲ. ತೋಟದ ಗೊಬ್ಬರ, ಹಟ್ಟಿಯ ನೀರು ಕೂಡ ಅದೇ ಮದಕಕ್ಕೆ ಇಳಿಯುತ್ತದೆ, ಹಾಗಾಗಿ ಎಲ್ಲ ತಪ್ಪೂ ನಮ್ಮದೇ ಎನ್ನಲಾರೆವು. ನಮ್ಮ ಪಾಲಿನದ್ದನ್ನಾದರೂ ನಿಲ್ಲಿಸಬಹುದು ಅಲ್ವಾ?

ಮತ್ತೊಂದು ವಿಷಯ ಗೊತ್ತಾದಾಗ ನಮಗೇ ನಗು ಬಂತು. ಫಾಸ್ಫೇಟ್ ಹಾಕುವುದು ಗಡಸು ನೀರನ್ನು ಮೆದು ಮಾಡಲಿಕ್ಕೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ನಮ್ಮ ಊರುಗಳಲ್ಲಿ ಬಾವಿಯ ನೀರು, ಸುರಂಗದ ನೀರು ಸಾಮಾನ್ಯವಾಗಿ ಮೊದಲೇ ಮೆದು. ಇಷ್ಟು ವರ್ಷ ಸುಮ್ನೆ ದುಡ್ಡು ಕೊಟ್ಟು ತರಿಸಿದೆವು! ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ, ಅಥವಾ ಕಡಲ ಬದಿಯ ಉಪ್ಪು ನೀರಾದರೆ ಹೊಸ ಹುಡಿ ಸ್ವಲ್ಪ ಸೋಲುತ್ತದೆ. ಅಂಥವರು ಅರ್ಧ ಚಮಚ ಜಾಸ್ತಿ ಹಾಕಿ.

ಉಳಿದವರು ದಯವಿಟ್ಟು ನೊರೆ ನೋಡಿ ಹುಡಿ ಸುರಿಯಬೇಡಿ. ಬಕೆಟಿಗೆ ಎರಡು ಚಮಚ, ಅರ್ಧ ಗಂಟೆ ನೆನೆಸಿದರೆ ಸಾಕು. ಶಾಲೆ ಮಕ್ಕಳ ಬಿಳಿ ಅಂಗಿಯ ಕಾಲರಿಗೆ ಮಾತ್ರ ಬಾರ್ ಸೋಪು ತಿಕ್ಕಲೇಬೇಕು. ನೊರೆ ಕಡಿಮೆಯಾದ್ದರಿಂದ ಜಾಲಾಡಿಸಲು ಮೂರು ಬಕೆಟ್ ಬೇಕಾದಲ್ಲಿ ಎರಡು ಸಾಕಾಗುತ್ತದೆ. ಇದನ್ನು ನಾವು ಐದು ಜನವೂ ಮನೆಯಲ್ಲಿ ಒಗೆದು ನೋಡಿಯೇ ಹೇಳುತ್ತಿದ್ದೇವೆ. 15 ಲೀಟರಿನ ಒಂದು ಬಕೆಟ್ ದಿನಾ ಉಳಿದರೆ ತಿಂಗಳಿಗೆ 450 ಲೀಟರ್. ನಮ್ಮ ಕಾಸರಗೋಡು 12 ಹೊಳೆಗಳ ಜಿಲ್ಲೆ. ಜೂನ್, ಜುಲೈಯಲ್ಲಿ ಬಟ್ಟೆ ಒಣಗಿಸಲು ಜಾಗ ಸಿಗುವುದಿಲ್ಲ. ಆದರೂ ಏಪ್ರಿಲಿನಲ್ಲಿ ಬಾವಿಗೆ ಬಗ್ಗಿ ನೋಡಿದರೆ ತಳದ ಕಲ್ಲು ಕಾಣುತ್ತದೆ. ಆ 450 ಲೀಟರಿನ ಲೆಕ್ಕ ಆಗ ಬೇಕಾಗುತ್ತದೆ.

ಫಾಸ್ಫೇಟ್ ಇಲ್ಲವೆಂದು ಒಗೆದ ನೀರನ್ನು ನೇರ ತೋಡಿಗೋ ಮದಕಕ್ಕೋ ಬಿಡಬೇಡಿ. ಗಾಳಿಯಾಡುವ ಮಣ್ಣಿನಲ್ಲಿ ಆಸಿಡ್ ಸ್ಲರಿ ನಿಧಾನಕ್ಕೆ ಇಲ್ಲವಾಗುತ್ತದೆ, ಕೆರೆಯ ತಳದ ಕೆಸರಿನಲ್ಲಿ ಹಾಗೆಯೇ ಕೂರುತ್ತದೆ. ನಾವೂ ಈಗ ಕಣಿ ಮುಚ್ಚಿ, ಬಾವಿಯಿಂದ ದೂರ ಒಂದು ಗುಂಡಿ ತೋಡಿದ್ದೇವೆ. ಕೊನೆಯ ಸಲ ಜಾಲಾಡಿಸಿದ ನೀರನ್ನು ಬಾಳೆಗೆ, ತೆಂಗಿಗೆ ಹಾಕಬಹುದು. ಮೊದಲ ನೀರಿನಲ್ಲಿ ಸೋಡಾ ಜಾಸ್ತಿ, ಬಸಳೆಯ ಬುಡಕ್ಕೆ ಬೇಡವೇ ಬೇಡ. ನಮ್ಮಲ್ಲೊಬ್ಬರ ಇಡೀ ಚಪ್ಪರ ಹಾಗೇ ಒಣಗಿತು.

ಹೊಸ ಪ್ಯಾಕೆಟಿನ ಮೇಲೆ ಅಳತೆಯನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದಿದ್ದೇವೆ. ಮನೆಯಿಂದ ಡಬ್ಬ ತಂದರೆ ತೂಗಿ ಕೊಡುತ್ತೇವೆ, ಒಂದು ತೊಟ್ಟೆ (ಪ್ಲಾಸ್ಟಿಕ್ ಚೀಲ) ಉಳಿಯಿತು, ಕಿಲೋಗೆ ಐದು ರೂಪಾಯಿಯೂ ಕಡಿಮೆ. ಒಗೆದು ನೋಡಿ ಇಷ್ಟವಾಗದಿದ್ದರೆ ಉಳಿದ ಹುಡಿ ವಾಪಸು ತನ್ನಿ. ಮುಕ್ಕಾಲು ಮುಗಿದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ. ಪೆರ್ಲದ ಅಕ್ಕ ಇನ್ನೂ ತಂದಿಲ್ಲ.

ಇಂತು,
ನಿಮ್ಮ ಸೋಪು ಘಟಕದ ಐದು ಜನ